ಹನ್ನೆರಡು ಗಂಟೆಯ ಕರೆಂಟು, ಏಳು ಗಂಟೆಯ ಕರೆಂಟು

(ತುಮಕೂರಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಸುತ್ತಲಿನ ಊರುಗಳ ರೈತರ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ಸಂಜೆ ಆರೂಕಾಲು. ಹೊರಗೆ ಇನ್ನೂ ಸ್ವಲ್ಪ ಬೆಳಕಿದೆ. ಇಲ್ಲಿ ಆಗಲೇ ಟ್ಯೂಬ್‌ಲೈಟ್ ಹಾಕಿದ್ದಾರೆ, ಫ್ಯಾನ್ ತಿರುಗುತ್ತಿದೆ. ಇನ್ನು ಅರ್ಧ ಗಂಟೆಯಲ್ಲಿ ನಿಮ್ಮ ಮನೆಗಳಲ್ಲೂ ದೀಪ ಹಾಕುತ್ತಾರೆ, ಟಿವಿ ಹಾಕುತ್ತಾರೆ, ಮಿಕ್ಸಿ ಓಡುತ್ತದೆ. ಇದೇ ಹೊತ್ತಿಗೆ ಪಾವಗಡದಲ್ಲಿ ಸಾವಿರಾರು ಎಕರೆ ಸೋಲಾರ್ ಪ್ಯಾನಲ್‌ಗಳು ಸುಮ್ಮನಾಗುತ್ತಿವೆ. ಕರೆಂಟಿನ ಬೇಡಿಕೆಗೂ ಉತ್ಪಾದನೆಗೂ ತಾಳೆ ಹಾಕುವ ಲೋಡ್ ಡಿಸ್ಪ್ಯಾಚ್ ಕೇಂದ್ರಗಳಲ್ಲಿ ಕೂತಿರುವ ಎಂಜಿನಿಯರ್‌ಗಳಿಗೆ ದಿನದ ಕಷ್ಟದ ಹೊತ್ತು ಶುರುವಾಗುವುದೇ ಈಗ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಕರೆಂಟಿನ ಬಗ್ಗೆ ಮಾತಾಡುವಾಗ ನಾವೆಲ್ಲ ಯೂನಿಟ್ ಲೆಕ್ಕ ಹಾಕುತ್ತೇವೆ. ಸರ್ಕಾರ ಮೆಗಾವ್ಯಾಟ್ ಲೆಕ್ಕ ಹೇಳುತ್ತದೆ. ಗಂಟೆಯ ಲೆಕ್ಕ ಯಾರೂ ಹೇಳುವುದಿಲ್ಲ. ಕನಕಾಂಬರ ಬೆಳೆಯುವವರು ಇಲ್ಲಿ ಇದ್ದೀರಿ. ಸುಮ್ನೆ ಒಂದು ಮಂಗಳವಾರ ಸಿಗುವ ಬೆಲೆಗೂ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸಿಗುವ ಬೆಲೆಗೂ ಎಷ್ಟು ವ್ಯತ್ಯಾಸ ಅಂತ ನಿಮಗೆ ಗೊತ್ತು. ಹೂವು ಅದೇ, ದಿನ ಬೇರೆ. ಕರೆಂಟಿನಲ್ಲಿ ಆ ವ್ಯತ್ಯಾಸ ಪ್ರತಿ ದಿನವೂ ಬರುತ್ತದೆ. ಮಧ್ಯಾಹ್ನ ಹನ್ನೆರಡರ ಯೂನಿಟ್ ಬೇರೆ ಸರಕು, ಸಂಜೆ ಏಳರ ಯೂನಿಟ್ ಬೇರೆ ಸರಕು. ಭಾರತಕ್ಕೆ ಈಗ ಕೊರತೆ ಇರುವುದು ಎರಡನೆಯದಕ್ಕೆ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದಲ್ಲಿ, ಒಂದು 66 ಕೆವಿ ಸ್ಟೇಷನ್‌ನಲ್ಲಿ. ಕಂಟ್ರೋಲ್ ರೂಮಿನಲ್ಲಿ ಫ್ರೀಕ್ವೆನ್ಸಿ ಮೀಟರ್ ಇತ್ತು. ಅದರ ಮುಳ್ಳು 50 ಹರ್ಟ್ಸ್ ಹತ್ತಿರ ನಿಲ್ಲಬೇಕು. ಜನರೇಟರ್‌ಗಳು ತಿರುಗುವ ವೇಗವನ್ನು ಅದು ತೋರಿಸುತ್ತದೆ. ಎತ್ತಿನ ಗಾಡಿ ಏರು ಹತ್ತುವುದನ್ನು ನೋಡಿದ್ದೀರಿ ಅಲ್ವಾ? ಭಾರ ಜಾಸ್ತಿಯಾದರೆ ಎತ್ತುಗಳ ನಡಿಗೆ ನಿಧಾನವಾಗುತ್ತದೆ. ಗ್ರಿಡ್ಡು, ಅಂದರೆ ಸ್ಥಾವರಗಳನ್ನೂ ಊರುಗಳನ್ನೂ ಜೋಡಿಸಿದ ಲೈನುಗಳ ಜಾಲ, ಅದೂ ಹಾಗೆಯೇ. ಇರುವ ಉತ್ಪಾದನೆಗಿಂತ ಬಳಕೆ ಜಾಸ್ತಿಯಾದರೆ ದೂರದ ಶರಾವತಿಯ ಟರ್ಬೈನಿನಿಂದ ಹಿಡಿದು ರಾಯಚೂರಿನ ಟರ್ಬೈನಿನವರೆಗೆ ಎಲ್ಲವೂ ಒಟ್ಟಿಗೆ ನಿಧಾನವಾಗುತ್ತವೆ. ನಮ್ಮ ಮುಳ್ಳು ಸಂಜೆಯಾದರೆ 49ಕ್ಕೆ, 48.5ಕ್ಕೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತಿತ್ತು. ಫೋನು ಬರುತ್ತಿತ್ತು: ಇಂಥ ಫೀಡರ್ ತೆಗೆಯಿರಿ. ಫೀಡರ್ ಅಂದರೆ ಸ್ಟೇಷನ್‌ನಿಂದ ಊರುಗಳಿಗೆ ಹೋಗುವ ಲೈನು, ಬ್ರೇಕರ್ ಅಂದರೆ ಅದರ ದೊಡ್ಡ ಸ್ವಿಚ್ಚು. ನಾನು ಬ್ರೇಕರ್ ತೆಗೆಯುತ್ತಿದ್ದೆ. ಅಲ್ಲಿಗೆ ಹತ್ತೂರು ಕತ್ತಲು. ಪರೀಕ್ಷೆಯ ದಿನಗಳಲ್ಲಿ ಆ ಬ್ರೇಕರ್ ತೆಗೆಯುವಾಗ ಕೈ ನಡುಗುತ್ತಿತ್ತು. ಆ ಊರುಗಳಲ್ಲಿ ಒಂದು ನಮ್ಮ ಅಕ್ಕನ ಊರು.

ಆಗ ಎಲ್ಲ ರಾಜ್ಯಗಳೂ ಒಂದೇ ತಪ್ಪು ಮಾಡುತ್ತಿದ್ದವು. ಗ್ರಿಡ್ಡಿನಿಂದ ತಮ್ಮ ಪಾಲಿಗಿಂತ ಜಾಸ್ತಿ ಎಳೆದರೂ ಹೆಚ್ಚೇನೂ ಕೊಡಬೇಕಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎಳೆದರೂ ಅದೇ ದರ, ಸಂಜೆ ಏಳಕ್ಕೆ ಎಳೆದರೂ ಅದೇ ದರ. ಅದನ್ನು ಬದಲಾಯಿಸಿದ ಒಂದು ನಿಯಮದ ಬಗ್ಗೆ ಇವತ್ತಿನ ಹುಡುಗರಿಗೆ ಗೊತ್ತೇ ಇಲ್ಲ. ಅದರ ಹೆಸರು ಎಬಿಟಿ, ಅವೈಲಬಿಲಿಟಿ ಬೇಸ್ಡ್ ಟ್ಯಾರಿಫ್. ದಕ್ಷಿಣದಲ್ಲಿ 2003ರ ಜನವರಿ 1ರಂದು ಜಾರಿಯಾಯಿತು. ದಿನವನ್ನು ಹದಿನೈದು ನಿಮಿಷದ 96 ತುಂಡುಗಳಾಗಿ ಕತ್ತರಿಸಿದರು. ಪ್ರತಿ ರಾಜ್ಯವೂ ನಾಳೆ ಯಾವ ತುಂಡಿನಲ್ಲಿ ಎಷ್ಟು ಎಳೆಯುತ್ತೇನೆ ಅಂತ ಇವತ್ತೇ ಹೇಳಬೇಕು. ಹೇಳಿದ್ದಕ್ಕಿಂತ ಜಾಸ್ತಿ ಎಳೆದರೆ, ಆ ಹದಿನೈದು ನಿಮಿಷದಲ್ಲಿ ಫ್ರೀಕ್ವೆನ್ಸಿ ಎಷ್ಟಿತ್ತೋ ಅದನ್ನು ನೋಡಿ ದರ. ಮುಳ್ಳು ಕೆಳಗೆ ಹೋದಷ್ಟೂ ದರ ಮೇಲೆ. ಕಷ್ಟದ ಹೊತ್ತಿನಲ್ಲಿ ತನ್ನ ಪಾಲಿಗಿಂತ ಕಡಿಮೆ ಎಳೆದವರಿಗೆ ಅದೇ ದರದಲ್ಲಿ ದುಡ್ಡು ವಾಪಸ್.

ಇದಕ್ಕಾಗಿ ಹೊಸ ಅಣೆಕಟ್ಟು ಕಟ್ಟಲಿಲ್ಲ, ಹೊಸ ಕಲ್ಲಿದ್ದಲು ಸ್ಥಾವರ ಕಟ್ಟಲಿಲ್ಲ. ಬರೀ ಗಂಟೆಗೆ ಒಂದು ಬೆಲೆ ಕಟ್ಟಿದರು ಅಷ್ಟೇ. ನಮ್ಮ ಮೀಟರಿನ ಮುಳ್ಳು ಕೆಲವೇ ವಾರಗಳಲ್ಲಿ ಮೇಲೆ ಬಂತು. ನಾನು ಕಣ್ಣಾರೆ ಕಂಡದ್ದು ಇದು. ಹಾಗಾಗಿ ಗಂಟೆಯ ಬೆಲೆ ಅನ್ನುವುದು ಪುಸ್ತಕದ ಮಾತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆಮೇಲೆ ಗ್ರಿಡ್ಡುಗಳು ಸೇರಿದವು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಯಿತು. ಎರಡನೇ ದಿನ ಪೂರ್ವ, ಈಶಾನ್ಯವೂ ಸೇರಿ 60 ಕೋಟಿಗೂ ಜಾಸ್ತಿ ಜನಕ್ಕೆ ಕರೆಂಟಿರಲಿಲ್ಲ. ನಮಗೆ ಏನೂ ಆಗಲಿಲ್ಲ. ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯೇ ತಿರುಗುತ್ತಿತ್ತು. ಉಳಿದ ದೇಶಕ್ಕೂ ನಮಗೂ ಇದ್ದದ್ದು ಡಿಸಿ ಲೈನಿನ ನಂಟು ಮಾತ್ರ, ಅದರಲ್ಲಿ ಒಂದು ಕಡೆಯ ಫ್ರೀಕ್ವೆನ್ಸಿ ಇನ್ನೊಂದು ಕಡೆಗೆ ತಾಗುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಚಾಲೂ ಆಯಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಎಲ್ಲ ಜನರೇಟರ್‌ಗಳೂ ಒಂದೇ ತಾಳಕ್ಕೆ ತಿರುಗುತ್ತವೆ. ದೇಶವನ್ನು ಹೊಲಿದ ಆ ದಾರ ನಮ್ಮ ರಾಯಚೂರಿನಿಂದ ಹೋಗಿದೆ. ನನಗೆ ಅದರ ಬಗ್ಗೆ ತುಂಬಾ ಹೆಮ್ಮೆ ಇದೆ.

ಈಗ ಕರೆಂಟು ಎಲ್ಲಿಂದ ಬರುತ್ತದೆ ನೋಡೋಣ. 2025ರ ಜೂನ್‌ನಲ್ಲಿ ಒಂದು ಸುದ್ದಿ ಓದಿರುತ್ತೀರಿ. ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಈಗ ಕಲ್ಲಿದ್ದಲು, ಅನಿಲ ಬೇಡದ ಮೂಲಗಳದ್ದು. ಅಂದರೆ ಸೂರ್ಯ, ಗಾಳಿ, ನೀರು, ಅಣು. 2030ಕ್ಕೆ ಮುಟ್ಟಬೇಕು ಅಂತಿದ್ದ ಗುರಿ ಐದು ವರ್ಷ ಮೊದಲೇ ಮುಟ್ಟಿತು. ನಿಜವಾದ ಸಾಧನೆ. ಆದರೆ ದೇಶದಲ್ಲಿ ಉತ್ಪಾದನೆಯಾಗುವ ಹತ್ತು ಯೂನಿಟ್‌ನಲ್ಲಿ ಸುಮಾರು ಏಳು ಇನ್ನೂ ಕಲ್ಲಿದ್ದಲಿನದ್ದೇ. ಎರಡೂ ಮಾತು ನಿಜ. ಸೋಲಾರ್ ಪ್ಯಾನಲ್ ದಿನಕ್ಕೆ ಕೊಡುವುದು ಪೂರ್ತಿ ಸಾಮರ್ಥ್ಯದಲ್ಲಿ ಐದಾರು ಗಂಟೆ ಓಡಿದಷ್ಟು. ಕಲ್ಲಿದ್ದಲು ಉರಿದರೆ ಹಗಲೂ ಕೊಡುತ್ತದೆ, ರಾತ್ರಿಯೂ ಕೊಡುತ್ತದೆ. ಇಲ್ಲೂ ಗಂಟೆಯದೇ ಲೆಕ್ಕ.

ಕಲ್ಲಿದ್ದಲು ಅಂದರೆ ಎಷ್ಟು ಅಂತ ನಮಗೆ ಅಂದಾಜಿರುವುದಿಲ್ಲ. ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಬೇಕು. ಈ ಸಭಾಂಗಣದ ಫ್ಯಾನುಗಳು ಒಂದು ಸಂಜೆ ತಿರುಗಿದರೆ ಒಂದೆರಡು ಸೇರಿನಷ್ಟು ಕಲ್ಲಿದ್ದಲು ಎಲ್ಲೋ ಉರಿದಿರುತ್ತದೆ. ಶಕ್ತಿನಗರದ ರಾಯಚೂರು ಸ್ಥಾವರದಲ್ಲಿ 210 ಮೆಗಾವ್ಯಾಟಿನ ಏಳು ಘಟಕ, 250ರ ಒಂದು ಘಟಕ ಇವೆ. ಒಂದೊಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಗೂಡ್ಸ್ ರೈಲಿನಷ್ಟು ಕಲ್ಲಿದ್ದಲು ತಿನ್ನುತ್ತದೆ. ಅದು ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದಿಂದ, ಒಡಿಶಾದಿಂದ ಬರಬೇಕು. ಗಣಿಯಲ್ಲಿ ಮಳೆ ನೀರು ನಿಂತರೆ, ರೈಲು ತಡವಾದರೆ ಬೆಂಗಳೂರಿನ ಲಿಫ್ಟಿಗೆ ಬಿಸಿ ಮುಟ್ಟುತ್ತದೆ. 2021ರ ಅಕ್ಟೋಬರ್‌ನಲ್ಲಿ, 2022ರ ಏಪ್ರಿಲ್‌ನಲ್ಲಿ ದೇಶದ ತುಂಬ ಸ್ಥಾವರಗಳಲ್ಲಿ ಕಲ್ಲಿದ್ದಲಿನ ರಾಶಿ ಕರಗಿ, ಒಂದೆರಡು ದಿನಕ್ಕಷ್ಟೇ ಉಳಿದಿದೆ ಅನ್ನುವ ಸುದ್ದಿ ಬಂತು. ನೆನಪಿದೆ ಅಲ್ವಾ?

2024–25ರಲ್ಲಿ ಭಾರತ ತೆಗೆದ ಕಲ್ಲಿದ್ದಲು 100 ಕೋಟಿ ಟನ್ ದಾಟಿತು. ಆದರೂ ಅದೇ ವರ್ಷ 20 ಕೋಟಿ ಟನ್ನಿಗೂ ಜಾಸ್ತಿ ಆಮದು ಮಾಡಿಕೊಂಡೆವು. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ಉಕ್ಕಿನ ಕಾರ್ಖಾನೆಗೆ ಬೇಕಾದ ಜಾತಿಯದು ಇಲ್ಲಿ ಸಾಕಷ್ಟು ಸಿಗುವುದಿಲ್ಲ. ಇನ್ನು ಕೆಲವು ಸ್ಥಾವರಗಳನ್ನು ಕಟ್ಟಿದ್ದೇ ಹಡಗಿನಲ್ಲಿ ಬರುವ ಕಲ್ಲಿದ್ದಲಿಗೆ. ನಮ್ಮ ಉಡುಪಿಯ 1,200 ಮೆಗಾವ್ಯಾಟ್ ಸ್ಥಾವರ ಅಂಥದ್ದು.

ಕೈಗಾದ ನಾಲ್ಕು ಘಟಕಗಳಿಂದ 880 ಮೆಗಾವ್ಯಾಟ್ ಇದೆ. ಅದು ಹಗಲು ರಾತ್ರಿ ಒಂದೇ ಸಮ ಓಡುವ ಎತ್ತು. ಅಲ್ಲಿನ ಒಂದನೇ ಘಟಕ 2018ರ ಕೊನೆಗೆ ಒಂದು ಸಲವೂ ನಿಲ್ಲದೆ 962 ದಿನ ಓಡಿ ದಾಖಲೆ ಮಾಡಿತು. ಆದರೆ ಸಂಜೆ ಏಳಕ್ಕೆ ಸ್ವಲ್ಪ ಜಾಸ್ತಿ ಕೊಡು ಅಂತ ಅದನ್ನು ಕೇಳಲು ಆಗುವುದಿಲ್ಲ.

ಹಾಗೆ ಕೇಳಬಹುದಾದದ್ದು ನೀರನ್ನು. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೇಶವೆಲ್ಲ ದೀಪ ಆರಿಸಿತು. ಆ ಕೆಲವು ನಿಮಿಷದಲ್ಲಿ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು, ಮತ್ತೆ ಏರಿತು. ಗ್ರಿಡ್ ಬೀಳಲಿಲ್ಲ. ಅದನ್ನು ಎತ್ತಿ ಹಿಡಿದದ್ದು ಮುಖ್ಯವಾಗಿ ಜಲವಿದ್ಯುತ್ ಸ್ಥಾವರಗಳು. ಕಲ್ಲಿದ್ದಲಿನ ಬಾಯ್ಲರ್ ತಣ್ಣಗಿದ್ದರೆ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಶರಾವತಿಯಂಥ ಸ್ಥಾವರದಲ್ಲಿ ಗೇಟು ತೆರೆದರೆ ಕೆಲವೇ ನಿಮಿಷದಲ್ಲಿ ಕರೆಂಟು. ಹಾಗಾಗಿ ಲಿಂಗನಮಕ್ಕಿಯಲ್ಲಿ ನಿಂತ ನೀರನ್ನು ನಾನು ಸಂಜೆಗೆ ಎತ್ತಿಟ್ಟ ಕರೆಂಟು ಅಂತಲೇ ನೋಡುತ್ತೇನೆ. ಆ ನೀರಿನ ಕೆಳಗೆ ಮುಳುಗಿದ ಊರುಗಳಿವೆ. ದಶಕಗಳು ಕಳೆದರೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಕುಟುಂಬಗಳಿವೆ. ಅವರನ್ನು ನೆನೆಯದೆ ಆ ನೀರಿನ ಮಾತಾಡಬಾರದು.

ಪಾವಗಡಕ್ಕೆ ಬರೋಣ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ತಿರುಮಣಿ, ಬಳಸಮುದ್ರ, ವಳ್ಳೂರು ಕಡೆಯ ಜಮೀನು. ಅಲ್ಲಿ ಮಾಡಿದ ಒಂದು ಕೆಲಸ ನನಗೆ ತುಂಬಾ ಹಿಡಿಸಿತು. ಜಮೀನನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಬರ ಬಿದ್ದರೂ ದುಡ್ಡು ಬರುತ್ತದೆ. ಆದರೆ ಜಮೀನಿಲ್ಲದವರ ಕಥೆ ಬೇರೆ. ಅದೇ ಹೊಲಗಳಲ್ಲಿ ಶೇಂಗಾ ಕೀಳಲು ಹೋಗುತ್ತಿದ್ದ ಕೂಲಿಯವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ದುಡ್ಡು ಬರಲಿಲ್ಲ, ಕೆಲಸವೂ ಹೋಯಿತು. ಮುಂದೆ ಇಂಥ ಪಾರ್ಕ್ ಕಟ್ಟುವವರು ಅವರಿಗೂ ಒಂದು ಪಾಲು ಬರೆದಿಡಬೇಕು.

ಸೋಲಾರ್ ದರ ಹೇಗೆ ಇಳಿಯಿತು ಗೊತ್ತಾ? 2010ರ ಸುಮಾರಿಗೆ ಯೂನಿಟ್‌ಗೆ ಹತ್ತು ರೂಪಾಯಿಗೂ ಮೇಲಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆ. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ 1 ರೂಪಾಯಿ 99 ಪೈಸೆ. ಇಷ್ಟು ಕಡಿಮೆ ಆದ ಮೇಲೆ ನಮ್ಮ ಬಿಲ್ ಯಾಕೆ ಇಳಿಯಲಿಲ್ಲ? ಈ ಪ್ರಶ್ನೆಯನ್ನು ನನಗೆ ಮದುವೆ ಮನೆಯಲ್ಲೂ ಕೇಳುತ್ತಾರೆ. ಉತ್ತರವೂ ಮದುವೆ ಮನೆಯಲ್ಲೇ ಇದೆ.

ಕಲ್ಯಾಣ ಮಂಟಪಕ್ಕೆ ಎರಡು ಖರ್ಚು. ಒಂದು ಮಂಟಪದ ಬಾಡಿಗೆ. ಇನ್ನೊಂದು ಊಟಕ್ಕೆ ಎಲೆ ಲೆಕ್ಕ. ಎಲೆ ಕಡಿಮೆ ಬಿದ್ದರೆ ಊಟದ ಖರ್ಚು ಉಳಿಯುತ್ತದೆ, ಮಂಟಪದ ಬಾಡಿಗೆ ಉಳಿಯುವುದಿಲ್ಲ. ನಮ್ಮ ವಿತರಣಾ ಕಂಪನಿಗಳು, ಅಂದರೆ ಬೆಸ್ಕಾಂ, ಹೆಸ್ಕಾಂನಂಥವು, ಕಲ್ಲಿದ್ದಲು ಸ್ಥಾವರಗಳ ಜೊತೆ ಸಾಮಾನ್ಯವಾಗಿ 25 ವರ್ಷದ ಒಪ್ಪಂದ ಮಾಡಿಕೊಂಡಿರುತ್ತವೆ. ಅದರಲ್ಲಿ ಸ್ಥಿರ ವೆಚ್ಚ ಅಂತ ಒಂದು ಭಾಗ, ಅದು ಬಾಡಿಗೆ. ಇಂಧನದ ವೆಚ್ಚ ಇನ್ನೊಂದು, ಅದು ಎಲೆ ಲೆಕ್ಕ. ಮಧ್ಯಾಹ್ನ ಸೋಲಾರ್ ಬಂದಾಗ ಕಲ್ಲಿದ್ದಲು ಸ್ಥಾವರವನ್ನು ತಗ್ಗಿಸುತ್ತಾರೆ, ಎಲೆ ಉಳಿಯುತ್ತದೆ. ಆದರೆ ಸಂಜೆಗೆ ಆ ಸ್ಥಾವರ ಬೇಕೇ ಬೇಕು. ಹಾಗಾಗಿ ಬಾಡಿಗೆ ಪೂರ್ತಿ ಕಟ್ಟಬೇಕು. ಪೂರ್ತಿ ಆರಿಸಿ ಸಂಜೆ ಹಚ್ಚಲೂ ಆಗುವುದಿಲ್ಲ. ಹಗಲೆಲ್ಲ ಅರ್ಧ ಉರಿಯಲ್ಲಿ ಇಟ್ಟುಕೊಂಡೇ ಕೂರಬೇಕು. ಅಗ್ಗದ ಸೋಲಾರ್‌ನ ಉಳಿತಾಯದಲ್ಲಿ ಒಂದು ಪಾಲು ಈ ಬಾಡಿಗೆಗೆ ಹೋಗುತ್ತದೆ.

ಹಾಗಂತ ಸೋಲಾರ್ ಮೋಸ ಅಂತ ನಾನು ಹೇಳುತ್ತಿಲ್ಲ. ಈ ಮಾತನ್ನು ತಿರುಚುವವರಿದ್ದಾರೆ, ಅದಕ್ಕೇ ಒತ್ತಿ ಹೇಳುತ್ತೇನೆ. ಇರುವ ಅಗ್ಗದ ಹೊತ್ತನ್ನು ನಾವು ಬಳಸಿಕೊಳ್ಳುತ್ತಿಲ್ಲ ಅನ್ನುವುದು ನನ್ನ ದೂರು.

ಎಷ್ಟು ಅಗ್ಗ ಅಂದರೆ, ವಿದ್ಯುತ್ ವಿನಿಮಯ ಮಾರುಕಟ್ಟೆ ನೋಡಿ. 2008ರಿಂದ ನಮ್ಮಲ್ಲಿ ಕರೆಂಟಿಗೂ ಎಪಿಎಂಸಿ ಥರದ ಮಾರುಕಟ್ಟೆ ಇದೆ. ಅದೇ 96 ತುಂಡುಗಳು. ಪ್ರತಿ ಹದಿನೈದು ನಿಮಿಷಕ್ಕೂ ಮಾರುವವರು, ಕೊಳ್ಳುವವರು ಬೆಲೆ ಕೂಗುತ್ತಾರೆ. ಇಬ್ಬರ ಕೂಗೂ ಕೂಡುವ ಜಾಗದಲ್ಲಿ ಎಲ್ಲರಿಗೂ ಒಂದೇ ಬೆಲೆ ಬೀಳುತ್ತದೆ. ದೇಶದ ಒಟ್ಟು ಕರೆಂಟಿನಲ್ಲಿ ಚಿಕ್ಕ ಪಾಲು ಮಾತ್ರ ಇಲ್ಲಿ ಮಾರಾಟವಾಗುತ್ತದೆ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಇಲ್ಲಿ ಗೊತ್ತಾಗುತ್ತದೆ. 2025ರ ಮೇ ತಿಂಗಳಲ್ಲಿ ಮಳೆ ಬಂದು ಬೇಡಿಕೆ ತಗ್ಗಿದ ಒಂದು ದಿನ, ಹಗಲು ಹೊತ್ತಿನ ಬೆಲೆ ಸೊನ್ನೆಯ ಹತ್ತಿರಕ್ಕೂ ಬಂದಿತ್ತು. ಅದೇ ಮಾರುಕಟ್ಟೆಯಲ್ಲಿ ಬೇಸಿಗೆಯ ಸಂಜೆಗಳಲ್ಲಿ ಬೆಲೆ ಏರಿ ಹತ್ತು ರೂಪಾಯಿಗೆ ತಾಗುತ್ತದೆ. ಅಲ್ಲಿಗೆ ನಿಲ್ಲುವುದು ಯಾಕೆಂದರೆ ನಿಯಂತ್ರಣ ಆಯೋಗ ಹಾಕಿದ ಮಿತಿಯೇ ಹತ್ತು ರೂಪಾಯಿ. ಹಗಲು ಕೇಳುವವರಿಲ್ಲ, ಕತ್ತಲಾದ ಮೇಲೆ ಕೊಟ್ಟರೂ ಸಿಗುವುದಿಲ್ಲ. ರಾಜಸ್ಥಾನದಲ್ಲಿ ಸಾಗಿಸಲು ಲೈನ್ ಸಾಲದೆ, ಬಿಸಿಲು ಚೆನ್ನಾಗಿದ್ದಾಗಲೇ ಪ್ಯಾನಲ್‌ಗಳನ್ನು ತಡೆಹಿಡಿಯಬೇಕಾಗಿದೆ. ಹಾಲು ಚರಂಡಿಗೆ ಸುರಿದ ಹಾಗೆ.

2024ರ ಮೇ 30ರಂದು ದೇಶದ ಬೇಡಿಕೆ 2,50,000 ಮೆಗಾವ್ಯಾಟ್ ಮುಟ್ಟಿತು. ಅದು ಆದದ್ದು ಮಧ್ಯಾಹ್ನ, ಸೂರ್ಯ ಇದ್ದಾಗ. ಅದನ್ನು ಪೂರೈಸಿದರು. ರಾತ್ರಿಯ ಬೇಡಿಕೆ ಅದಕ್ಕಿಂತ ಕಡಿಮೆ ಇದ್ದರೂ ಪೂರೈಸುವುದು ಅದಕ್ಕಿಂತ ಕಷ್ಟ. ಸೆಕೆಯ ರಾತ್ರಿಗಳಲ್ಲಿ ಎಸಿಗಳು ಮಲಗುವುದಿಲ್ಲ. ಎಸಿ ಕೊಳ್ಳುವವರು ವರ್ಷ ವರ್ಷ ಜಾಸ್ತಿಯಾಗುತ್ತಿದ್ದಾರೆ. ಅದು ತಪ್ಪಲ್ಲ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಬರುವುದು ಸುಮಾರು 1,400 ಯೂನಿಟ್, ಪ್ರಪಂಚದ ಸರಾಸರಿಯ ಅರ್ಧಕ್ಕಿಂತ ಕಡಿಮೆ. ನಮ್ಮ ಜನ ಇನ್ನೂ ಜಾಸ್ತಿ ಬಳಸಬೇಕು, ಬಳಸುತ್ತಾರೆ.

ಹಾಗಾದರೆ ಏನು ಮಾಡಬೇಕು? ಎಲ್ಲರೂ ಬ್ಯಾಟರಿ ಅನ್ನುತ್ತಾರೆ. ಬ್ಯಾಟರಿ ಬರಲಿ, ಅದರ ಬೆಲೆ ಬೇಗ ಇಳಿಯುತ್ತಿದೆ. ಆದರೆ ನಮ್ಮ ಹತ್ತಿರ ಈಗಾಗಲೇ ಒಂದು ಬ್ಯಾಟರಿ ಇದೆ. ಇಲ್ಲಿ ಕೂತಿರುವ ಅರ್ಧ ಜನರ ಹೊಲದಲ್ಲಿದೆ. ಬೋರ್‌ವೆಲ್ ಮೋಟಾರು.

ಕರ್ನಾಟಕದಲ್ಲಿ 30 ಲಕ್ಷಕ್ಕೂ ಜಾಸ್ತಿ ಪಂಪ್‌ಸೆಟ್‌ಗಳಿವೆ. ರಾಜ್ಯ ಬಳಸುವ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಅವುಗಳದ್ದು. ದೀಪವನ್ನು ಮಧ್ಯಾಹ್ನ ಹಚ್ಚಿ ಸಂಜೆಗೆ ಇಟ್ಟುಕೊಳ್ಳಲು ಆಗುವುದಿಲ್ಲ. ನೀರನ್ನು ಇಟ್ಟುಕೊಳ್ಳಬಹುದು. ತೊಟ್ಟಿಯಲ್ಲಿ, ಕೃಷಿ ಹೊಂಡದಲ್ಲಿ, ಇಲ್ಲವೇ ನೇರ ಹೊಲದ ಮಣ್ಣಿನಲ್ಲಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ಒಳಗೆ ಪಂಪ್ ಓಡಿದರೆ ಗ್ರಿಡ್ಡಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ರೈತನಿಗೆ ಇನ್ನೂ ದೊಡ್ಡ ಉಪಕಾರ. ಮೂವತ್ತು ವರ್ಷ ನಾವು ಅವನಿಗೆ ಪಂಪ್ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟು ಕೊಟ್ಟದ್ದು ಪಟ್ಟಣಕ್ಕೆ ಬೇಡವಾದ ಹೊತ್ತಿನಲ್ಲಿ, ನಡುರಾತ್ರಿ. ಟಾರ್ಚ್ ಹಿಡಿದು ಕಬ್ಬಿನ ಗದ್ದೆಯಲ್ಲಿ ನೀರು ತಿರುವಲು ಹೋದವರಿಗೆ ಹಾವು ಕಚ್ಚಿದೆ. ಕೆಲವು ಕಡೆ ಕರಡಿ, ಚಿರತೆ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದವರಿಗೆ ಶಾಕ್ ಹೊಡೆದಿದೆ. ನನ್ನ ಫೀಡರ್‌ನಲ್ಲೇ ಅಂಥ ಸಾವು ಕಂಡಿದ್ದೇನೆ. ಆ ರಾತ್ರಿ ಕರೆಂಟು ಕೊಟ್ಟ ಬ್ರೇಕರ್ ಹಾಕಿದ್ದು ನಾನೇ. ಯಾರದೋ ಆದೇಶ ಇತ್ತು, ನಿಜ. ಆದರೂ ಅದು ಮನಸ್ಸಿನಿಂದ ಹೋಗಿಲ್ಲ.

ಒಳ್ಳೆಯ ಸುದ್ದಿ ಅಂದರೆ ಇದು ಬದಲಾಗುತ್ತಿದೆ. ಈಗ ನಮ್ಮ ರಾಜ್ಯದ ಬೇಸಿಗೆಯ ಗರಿಷ್ಠ ಬೇಡಿಕೆ ಬರುವುದೇ ಹಗಲಿನಲ್ಲಿ, ಯಾಕೆಂದರೆ ಪಂಪ್‌ಗಳ ಸರದಿಯನ್ನು ಸೋಲಾರ್ ಹೊತ್ತಿಗೆ ತಂದಿದ್ದಾರೆ. ಗುಜರಾತ್ 2003ರಲ್ಲೇ ಜ್ಯೋತಿಗ್ರಾಮ ಅಂತ ಶುರು ಮಾಡಿ ಪಂಪಿನ ಫೀಡರ್ ಬೇರೆ, ಮನೆಯ ಫೀಡರ್ ಬೇರೆ ಮಾಡಿತು. ಕರ್ನಾಟಕ ನಿರಂತರ ಜ್ಯೋತಿ ಹೆಸರಿನಲ್ಲಿ ಅದನ್ನೇ ಮಾಡಿತು. ಫೀಡರ್ ಬೇರೆಯಾಗದಿದ್ದರೆ ಪಂಪನ್ನು ಹಗಲಿಗೆ ತರಲು ಆಗುತ್ತಲೇ ಇರಲಿಲ್ಲ. ಈಗ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಸ್ಥಾವರ ಹಾಕಿ, ಆ ಫೀಡರ್‌ನ ಪಂಪುಗಳಿಗೆ ಅಲ್ಲಿಂದಲೇ ಕೊಡುವ ಕೆಲಸ ನಡೆದಿದೆ. ನನ್ನ ಮಟ್ಟಿಗೆ ಈ ದೇಶದ ಇಂಧನ ನೀತಿಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಸದ್ಯಕ್ಕೆ ಇಲ್ಲ. ದೊಡ್ಡ ಪಾರ್ಕುಗಳಿಗಿಂತ ಮೊದಲು ಇದು ಮುಗಿಯಬೇಕು.

ಮಳೆ ಕೈಕೊಟ್ಟಾಗ ಏನಾಗುತ್ತದೆ ಅಂತ 2023ರಲ್ಲಿ ನೋಡಿದೆವು. ಆ ಆಗಸ್ಟ್ ನೂರಿಪ್ಪತ್ತು ವರ್ಷದಲ್ಲೇ ಅತಿ ಒಣ ಆಗಸ್ಟ್. ಅಣೆಕಟ್ಟು ತುಂಬಲಿಲ್ಲ, ಅಂದರೆ ಸಂಜೆಯ ಕರೆಂಟು ಹೋಯಿತು. ಮಳೆಗಾಲದಲ್ಲಿ ಸುಮ್ಮನಿರಬೇಕಿದ್ದ ಬೋರ್‌ಗಳೆಲ್ಲ ಓಡತೊಡಗಿದವು, ಅಂದರೆ ಬೇಡಿಕೆ ಏರಿತು. ಒಂದೇ ಕಾರಣಕ್ಕೆ ಎರಡು ಕಡೆಯಿಂದ ಪೆಟ್ಟು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಕರೆಂಟನ್ನು ಇಲ್ಲಿಗೇ ಕೊಡಬೇಕು ಅಂತ ಆದೇಶಿಸಿತು. ಉತ್ತರ ಪ್ರದೇಶ, ಪಂಜಾಬ್‌ನಿಂದ ಕೈಗಡ ತಂದಿತು. ಅವರಿಗೆ ಚಳಿಗಾಲದಲ್ಲಿ ಕರೆಂಟು ಮಿಗುತ್ತದೆ, ನಮಗೆ ಮಳೆಗಾಲದಲ್ಲಿ. ಈಗ ಕೊಡಿ, ಜೂನ್ ಆದ ಮೇಲೆ ವಾಪಸ್ ಕೊಡುತ್ತೇವೆ ಅನ್ನುವ ಲೆಕ್ಕ. ಒಂದೇ ಗ್ರಿಡ್ ಇದ್ದದ್ದರಿಂದ ಅದು ಸಾಧ್ಯವಾಯಿತು.

ದುಡ್ಡಿನ ಮಾತು ಕಹಿ, ಆದರೂ ಹೇಳಬೇಕು. ದೇಶದ ವಿತರಣಾ ಕಂಪನಿಗಳ ಮೇಲೆ ಕೂಡಿಬಿದ್ದ ನಷ್ಟ 6 ಲಕ್ಷ ಕೋಟಿ ರೂಪಾಯಿ ದಾಟಿದೆ. 10 ಎಚ್‌ಪಿವರೆಗಿನ ಪಂಪಿಗೆ ನಮ್ಮಲ್ಲಿ ಉಚಿತ. 2023ರ ಆಗಸ್ಟಿನಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಮನೆಗೂ ಉಚಿತ. ಬಡವರ ಮನೆಗೆ ಬೆಳಕು ಉಚಿತ ಕೊಟ್ಟರೆ ನನಗೆ ಸಂತೋಷವೇ. ಆದರೆ ಕಾಯ್ದೆಯ 65ನೇ ಕಲಂ ಒಂದು ಷರತ್ತು ಹಾಕಿದೆ. ಯಾವ ಸರ್ಕಾರ ರಿಯಾಯಿತಿ ಘೋಷಿಸುತ್ತದೋ ಅದು ಆ ದುಡ್ಡನ್ನು ಕಂಪನಿಗೆ ಮುಂಗಡವಾಗಿ ಕಟ್ಟಬೇಕು. ದೇಶದ ಅನೇಕ ರಾಜ್ಯಗಳಲ್ಲಿ ಇದು ತಡವಾಗುತ್ತದೆ. ಕಂಪನಿ ಸಾಲ ಮಾಡುತ್ತದೆ, ಬಡ್ಡಿ ಕಟ್ಟುತ್ತದೆ, ಹಳೆಯ ಕಂಬ, ಹಳೆಯ ತಂತಿ ಬದಲಾಯಿಸಲು ದುಡ್ಡಿರುವುದಿಲ್ಲ. ನಿಮ್ಮೂರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟು ಹದಿನೈದು ದಿನವಾದರೂ ಹೊಸದು ಬರುವುದಿಲ್ಲ ಅಲ್ವಾ? ಆ ತಡದ ಒಂದು ಬೇರು ಇಲ್ಲಿದೆ.

ಹೆಚ್ಚಿನ ಪಂಪುಗಳಿಗೆ ಮೀಟರ್ ಇಲ್ಲ, ಎಷ್ಟು ಉರಿಯಿತು ಅನ್ನುವುದು ಅಂದಾಜು. ನಾನು ಮೀಟರ್ ಪರ. ದುಡ್ಡು ಕೇಳಲಿಕ್ಕಲ್ಲ, ಉಚಿತ ಉಚಿತವೇ ಇರಲಿ. ಲೆಕ್ಕ ಇಲ್ಲದಿದ್ದರೆ ತಂತಿಯಲ್ಲಿ ಸೋರಿದ್ದು, ಇನ್ಯಾರೋ ಕದ್ದದ್ದು ಎಲ್ಲವೂ ರೈತನ ತಲೆಗೆ ಬರುತ್ತದೆ.

ಗಂಟೆಗೊಂದು ದರ ಅನ್ನುವ ನಿಯಮವನ್ನು ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಂದಿದೆ. ಸೋಲಾರ್ ಹೊತ್ತಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಕಡಿಮೆ, ಸಂಜೆಯ ಹೊತ್ತು ಜಾಸ್ತಿ. ಮೊದಲು ಕಾರ್ಖಾನೆ, ಅಂಗಡಿಗಳಿಗೆ, ಆಮೇಲೆ ಕೃಷಿ ಬಿಟ್ಟು ಉಳಿದವರಿಗೆ. ಸ್ಮಾರ್ಟ್ ಮೀಟರ್ ಇಲ್ಲದೆ ಇದು ಮನೆಗೆ ಬರುವುದಿಲ್ಲ. ಬಂದ ದಿನ ನೀರಿನ ಟ್ಯಾಂಕ್ ತುಂಬಿಸುವುದು, ಗೀಸರ್, ವಾಷಿಂಗ್ ಮೆಷಿನ್, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜು, ಎಲ್ಲವೂ ಹಗಲಿಗೆ ಸರಿಯುತ್ತವೆ. ಹಿಟ್ಟಿನ ಗಿರಣಿಯವರಂತೂ ಮೊದಲು ಸರಿಯುತ್ತಾರೆ.

ಇಷ್ಟು ಹೇಳಿ ಮುಗಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ವಿದ್ಯಾರ್ಥಿ ಕೇಳಿದ: ಸರ್, ಬರೀ ಕರೆಂಟು ಹೇಳಿದಿರಿ, ಪೆಟ್ರೋಲ್, ಗ್ಯಾಸ್ ಯಾಕೆ ಬಿಟ್ಟಿರಿ?

ಅವನು ಹೇಳಿದ್ದು ಸರಿ. ನಾವು ಬಳಸುವ ಕಚ್ಚಾ ತೈಲದಲ್ಲಿ ಹತ್ತು ಲೀಟರ್‌ಗೆ ಎಂಟಕ್ಕೂ ಜಾಸ್ತಿ ಹೊರಗಿನದು. ಅಡುಗೆ ಗ್ಯಾಸಿನಲ್ಲೂ ಅರ್ಧಕ್ಕಿಂತ ಜಾಸ್ತಿ ಆಮದು. ಕಷ್ಟಕಾಲಕ್ಕೆ ಅಂತ ನೆಲದೊಳಗೆ ಬಂಡೆ ಕೊರೆದು ತೈಲ ಇಟ್ಟಿದ್ದಾರೆ: ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಗುಹೆಗಳು, ಉಳಿದದ್ದು ವಿಶಾಖಪಟ್ಟಣದಲ್ಲಿ. ಮೂರೂ ತುಂಬಿದ್ದರೂ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕಾಗುವಷ್ಟು. ಬೇಕಾದಷ್ಟು ತೈಲವನ್ನು ನಾವು ನಮ್ಮ ನೆಲದಿಂದ ತೆಗೆಯಲಾರೆವು, ಆದರೆ ಸ್ಕೂಟರ್, ಆಟೋ, ಬಸ್ಸುಗಳು ಕರೆಂಟಿಗೆ ಬಂದರೆ ಆ ಆಮದು ತಗ್ಗುತ್ತದೆ. ಅವು ರಾತ್ರಿ ಏಳಕ್ಕೆ ಚಾರ್ಜಿಗೆ ನಿಂತರೆ ಮಾತ್ರ ಕಲ್ಲಿದ್ದಲು ಉರಿಸಿ ಓಡಿಸಿದ ಹಾಗಾಗುತ್ತದೆ. ಆಫೀಸು, ಕಾಲೇಜುಗಳ ಪಾರ್ಕಿಂಗ್‌ನಲ್ಲಿ ಹಗಲು ಚಾರ್ಜ್ ಮಾಡುವ ವ್ಯವಸ್ಥೆ ಬೇಕು. ನಿಮ್ಮ ಕಾಲೇಜಿನಿಂದಲೇ ಶುರು ಮಾಡಬಹುದು ಅಂದೆ.

ಸಾಗರದ ಕಡೆಯಿಂದ ಬಂದು ಇಲ್ಲಿ ಓದುತ್ತಿರುವ ಹುಡುಗಿ ಶರಾವತಿ ಪಂಪ್ಡ್ ಸ್ಟೋರೇಜ್ ಬಗ್ಗೆ ಕೇಳಿದಳು. ಹಗಲಿನ ಅಗ್ಗದ ಕರೆಂಟಿನಿಂದ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ತೆಗೆಯುವ ಯೋಜನೆ ಅದು. ಎತ್ತಲು ನೂರು ಯೂನಿಟ್ ಹೋದರೆ ವಾಪಸ್ ಸಿಗುವುದು ಎಪ್ಪತ್ತೈದರಿಂದ ಎಂಬತ್ತು. ಸಂಜೆಯ ಬೆಲೆ ನೋಡಿದರೆ ಲಾಭವೇ. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ. ಈ ಕಣಿವೆ ಒಂದು ಸಲ ಅಲ್ಲ, ಹಲವು ಸಲ ದೇಶಕ್ಕೆ ಬೆಳಕು ಕೊಟ್ಟಿದೆ. ನನ್ನ ಉತ್ತರ ನೇರ: ಮೊದಲು ಪಂಪ್‌ಸೆಟ್ ಹಗಲಿಗೆ ಬರಲಿ, ಗಂಟೆಯ ದರ ಬರಲಿ, ಸಬ್‌ಸ್ಟೇಷನ್‌ಗಳಲ್ಲಿ ಬ್ಯಾಟರಿ ಬರಲಿ. ಕಾಡಿಲ್ಲದ ಬೋಳು ಗುಡ್ಡಗಳಲ್ಲಿ ಇಂಥ ಸ್ಥಾವರ ಕಟ್ಟಬಹುದು, ಆಂಧ್ರದ ಪಿನ್ನಾಪುರಂನಲ್ಲಿ ಕಟ್ಟಿದ್ದಾರೆ. ಇವೆಲ್ಲ ಮಾಡಿಯೂ ಸಾಲದಿದ್ದರೆ ಮಾತ್ರ ಆ ಕಾಡಿನ ಮಾತು. ಇಂಧನ ಇಲಾಖೆಯಲ್ಲಿ ಕೆಲಸ ಮಾಡಿದ ನನ್ನ ಗೆಳೆಯರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ ಅಂತ ಗೊತ್ತು.

ಕೊನೆಗೆ ಶಿರಾ ಕಡೆಯ ಒಬ್ಬ ರೈತ ಮಹಿಳೆ ಎದ್ದು ನಿಂತರು. "ಹಗಲು ತ್ರೀ ಫೇಸ್ ಕೊಡೋದು ಸರಿ ಅಣ್ಣ. ಎಲ್ಲರಿಗೂ ಒಂದೇ ಸಲ ಬಂದರೆ ಟಿಸಿ ತಡೆಯುತ್ತಾ? ನಮ್ಮಲ್ಲಿ ಹೋದ ಬೇಸಿಗೆ ಎರಡು ಸಲ ಸುಟ್ಟಿದೆ. ಅಲ್ಲದೆ ಬಿಸಿಲಿದ್ದಷ್ಟೂ ನೀರು ಎತ್ತಿದರೆ ಬೋರಲ್ಲಿ ನೀರಾದರೂ ಎಲ್ಲಿರುತ್ತೆ?"

ಅವತ್ತು ಬಂದ ಪ್ರಶ್ನೆಗಳಲ್ಲಿ ಅತಿ ಒಳ್ಳೆಯದು ಇದು. ಅಕ್ಕ, ತಡೆಯುವುದಿಲ್ಲ ಅಂತ ಒಪ್ಪಿಕೊಂಡೆ. ಎಲ್ಲರ ಸ್ಟಾರ್ಟರ್‌ಗೂ ಆಟೋ ಹಾಕಿರುತ್ತಾರೆ. ಕರೆಂಟು ಬಂದ ಕ್ಷಣ ನಲವತ್ತು ಮೋಟಾರು ಒಟ್ಟಿಗೆ ಎದ್ದರೆ ಯಾವ ಟಿಸಿಯೂ ಉಳಿಯದು. ಆಟೋ ಸ್ಟಾರ್ಟರ್‌ಗೆ ಟೈಮರ್ ಹಾಕಿಸಿ ಒಂದೊಂದು ಮೋಟಾರು ಕೆಲವು ನಿಮಿಷ ಬಿಟ್ಟು ಏಳುವ ಹಾಗೆ ಮಾಡಬೇಕು. ಒಂದು ಫೀಡರನ್ನು ಬೆಳಗಿನ ಬ್ಯಾಚ್, ಮಧ್ಯಾಹ್ನದ ಬ್ಯಾಚ್ ಅಂತ ಎರಡು ಮಾಡಬೇಕು. 63 ಕೆವಿಎ ಟಿಸಿ ಇರುವ ಕಡೆ 100 ಕೆವಿಎ ಹಾಕಬೇಕು, ಇಲ್ಲವೇ ಇನ್ನೊಂದು ಟಿಸಿ ಕೊಡಬೇಕು. ಲೈನಿನ ಹೊರೆ ತಗ್ಗಿಸಲು ಪ್ರತಿ ಮೋಟಾರಿಗೂ ಕೆಪಾಸಿಟರ್ ಬೇಕು. ಇದಕ್ಕೆಲ್ಲ ದುಡ್ಡು ಬೇಕು. ದೊಡ್ಡ ಪಾರ್ಕಿನ ಖರ್ಚಿನ ಮುಂದೆ ಇದು ಸಣ್ಣದು, ಆದರೆ ರಿಬ್ಬನ್ ಕತ್ತರಿಸುವ ಕೆಲಸ ಅಲ್ಲ. ಅದಕ್ಕೇ ಹಿಂದೆ ಬೀಳುತ್ತದೆ.

ನೀರಿನ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಪಂಪಿನ ಕರೆಂಟಿಗೆ ದಿನಕ್ಕೆ ಏಳು ತಾಸಿನ ಮಿತಿ ಹಾಕುವುದು ಒಂದು ಕಡಿವಾಣ, ಅದನ್ನು ಸೋಲಾರ್ ಬಂತು ಅಂತ ಬಿಡಬಾರದು. ಇನ್ನೊಂದು ದಾರಿಯಲ್ಲಿ, ರೈತ ತನ್ನ ಪಾಲಿನ ಕರೆಂಟನ್ನು ಬಳಸದೆ ಉಳಿಸಿದರೆ ಅದಕ್ಕೆ ದುಡ್ಡು ಕೊಡಬಹುದು. ಸೋಲಾರ್ ಪಂಪ್ ಇರುವವರು ಮಿಕ್ಕಿದ್ದನ್ನು ಗ್ರಿಡ್ಡಿಗೆ ಮಾರುವ ಪ್ರಯೋಗ ಗುಜರಾತಿನ ಧುಂಡಿಯಲ್ಲಿ, ನಮ್ಮ ಕನಕಪುರದ ಕಡೆಯೂ ನಡೆದಿತ್ತು. ಕನಕಾಂಬರಕ್ಕೆ ಸಿಗುವ ಹಾಗೆ ಉಳಿಸಿದ ಕರೆಂಟಿಗೂ ಖಾತ್ರಿಯಾಗಿ ದುಡ್ಡು ಸಿಗುತ್ತದೆ ಅಂತ ಗೊತ್ತಾದರೆ ನೀರು ನೆಲದಲ್ಲೇ ಉಳಿಯುತ್ತದೆ.

"ಯೂನಿಟ್‌ಗೆ ಎಷ್ಟು ಕೊಟ್ಟರೆ?" ಅಂತ ಅವರು ಕೇಳಿದರು. ಟೊಮೆಟೊ ಬೆಳೆದು ಉಳಿಯುವ ದುಡ್ಡಿಗಿಂತ ಜಾಸ್ತಿ ಕೊಡಬೇಕು ಅಂದೆ. ಅವರ ಹೊಲದ ಲೆಕ್ಕ ತೆಗೆದುಕೊಂಡು ಇಬ್ಬರೂ ಅಲ್ಲೇ ಒಂದು ಹಾಳೆಯ ಮೇಲೆ ಕೂಡಿಸತೊಡಗಿದೆವು.